ಬಿಚ್ಚುವ ಮೊದಲು ಅಳೆದು ನೋಡು
ಹಳೇ ಡೀಸೆಲ್ ಪಿಕಪ್ ಕೊಂಡ ಅಳಿಯನಿಗೆ ಸೋದರಮಾವನ ಕಿವಿಮಾತು

ಅಳಿಯ, ಹಳೇ ಟಾಟಾ 207 ತಗೊಂಡಿದ್ದೀಯ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಸಂತೋಷ. ಬಿದರೆಹಳ್ಳ ಕಾವಲ್‌ನಿಂದ ತೆಂಗಿನಕಾಯಿ ಗುಬ್ಬಿಗೆ, ಕೊಬ್ಬರಿ ತಿಪಟೂರಿನ ಎಪಿಎಂಸಿಗೆ, ಬರುವಾಗ ಗೊಬ್ಬರದ ಮೂಟೆ. ನಮ್ಮ ಕಡೆಯ ಕೆಲಸಕ್ಕೆ ಆ ಗಾಡಿ ಸರಿಯಾಗಿದೆ. ಆದರೆ ಹೊಗೆ ಬಿಡುತ್ತಿದೆ, ಬೆಳಿಗ್ಗೆ ಬೇಗ ಸ್ಟಾರ್ಟ್ ಆಗಲ್ಲ, ಮೆಕ್ಯಾನಿಕ್ "ಎಂಜಿನ್ ಇಳಿಸಿಬಿಡೋಣ" ಅಂದಿದ್ದಾನೆ ಅಂತಲೂ ಕೇಳಿದೆ. ಇಳಿಸುವ ಮೊದಲು ಇದನ್ನು ಓದಿಕೋ. ಪಿಸ್ಟನ್, ಲೈನರ್ ಕಿಟ್ ಹಾಕಲೇಬೇಕು ಅಂದ ಎಷ್ಟೋ ಎಂಜಿನ್‌ಗಳು ನಾಜಲ್ ಸರಿಮಾಡಿ, ಟ್ಯಾಪೆಟ್ ಹಿಡಿಸಿ, ಏರ್ ಫಿಲ್ಟರ್ ಬದಲಾಯಿಸಿದ ಮೇಲೆ ವರ್ಷಗಟ್ಟಲೆ ದುಡಿದಿವೆ. ಒಮ್ಮೆ ಬಿಚ್ಚಿದ ಎಂಜಿನ್ ಮತ್ತೆ ಕಂಪನಿಯಲ್ಲಿ ಜೋಡಿಸಿದಷ್ಟು ಚೊಕ್ಕವಾಗಿ ಕೂರುವುದು ಕಷ್ಟ. ಅದಕ್ಕೇ ಬಿಚ್ಚುವುದು ಕೊನೆಯ ಕೆಲಸ, ಅಳೆಯುವುದು ಮೊದಲ ಕೆಲಸ.

• ನಿನ್ನ ಎಂಜಿನ್ ಯಾವುದು ಅಂತ ಮೊದಲು ಖಚಿತ ಮಾಡಿಕೋ. 207 ಡಿಐ ಅಂದರೆ 2956 ಸಿಸಿ, 4 ಸಿಲಿಂಡರ್, ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಮೇಲೇ ಸಿಂಪಡಿಸುವ ಜಾತಿ. ಬೊಲೆರೊ ಪಿಕಪ್‌ನದು 2523 ಸಿಸಿ. 2005ರಲ್ಲಿ ಬಂದ ಟಾಟಾ ಏಸ್ 702 ಸಿಸಿಯ 2 ಸಿಲಿಂಡರ್ ಗಾಡಿ. 1986ರ 407, 1988ರ ಟಾಟಾಮೊಬೈಲ್ ಕಾಲದಿಂದ ಬಂದ ಹಳೇ ಎಂಜಿನ್‌ಗಳಿಗೆ ಕಂಪ್ಯೂಟರ್ ಇಲ್ಲ. ಸ್ಪ್ಯಾನರ್, ಫೀಲರ್ ಗೇಜ್, ಒಳ್ಳೇ ಕಿವಿ ಇದ್ದವನು ರಿಪೇರಿ ಮಾಡಬಹುದು. ಆಮೇಲೆ ಬಂದ ಕಾಮನ್ ರೈಲ್ ಗಾಡಿಗಳ ಲೆಕ್ಕವೇ ಬೇರೆ, ಅವಕ್ಕೆ ಸ್ಕ್ಯಾನರ್ ಬೇಕು. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಬೇಡ.

• ಬ್ಲಾಕ್ ಮೇಲೆ ಹೊಡೆದಿರುವ ಎಂಜಿನ್ ನಂಬರನ್ನು ವೈರ್ ಬ್ರಷ್‌ನಿಂದ ಉಜ್ಜಿ ಓದಿ ಆರ್‌ಸಿಯ ಜೊತೆ ಹೊಂದಿಸಿ ನೋಡು. ಹಿಂದಿನವರು ಯಾರೋ ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಿ ಆರ್‌ಟಿಒದಲ್ಲಿ ನಮೂದಿಸದೆ ಬಿಟ್ಟಿದ್ದರೆ, ಎಫ್‌ಸಿ ದಿನವೋ ಇನ್ಶೂರೆನ್ಸ್ ಕ್ಲೇಮ್ ದಿನವೋ ಅದು ನಿನ್ನ ಕೊರಳಿಗೆ ಬರುತ್ತದೆ.

• ಡೀಸೆಲ್ ಎಂಜಿನ್‌ಗೆ ಕಿಡಿ ಇಲ್ಲ. ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಹಿಂಡಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅಂದಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗದ ಗಾಡಿಯಲ್ಲಿ ಏನೇನು ಹುಡುಕಬೇಕು ಅನ್ನುವುದು ಇಲ್ಲೇ ಇದೆ. ಗಾಳಿ ಸೋರದೆ ಹಿಂಡುತ್ತಿದೆಯಾ, ಡೀಸೆಲ್ ಹೊತ್ತಿಗೆ ಸರಿಯಾಗಿ ನುಣುಪಾದ ತುಂತುರಾಗಿ ಬೀಳುತ್ತಿದೆಯಾ, ಸೆಲ್ಫ್ ಮೋಟಾರ್ ಸಾಕಷ್ಟು ವೇಗವಾಗಿ ತಿರುಗಿಸುತ್ತಿದೆಯಾ. ಮೂರನೆಯದನ್ನೇ ಮೊದಲು ನೋಡು. ಸೋತ ಬ್ಯಾಟರಿ, ಪಾಚಿ ಹಿಡಿದ ಟರ್ಮಿನಲ್, ಸಡಿಲವಾದ ಅರ್ತ್ ವೈರ್ ಇದ್ದರೆ ಎಂಜಿನ್ ನಿಧಾನ ತಿರುಗಿ ಸಾಕಷ್ಟು ಕಾವು ಹುಟ್ಟುವುದಿಲ್ಲ. ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿದರೆ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡು.

• ಹೊಗೆಯ ಬಣ್ಣ ಓದಲು ಕಲಿ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ಕಟ್ಟಿಕೊಂಡ ಏರ್ ಫಿಲ್ಟರ್, ಒಸರುವ ನಾಜಲ್, ಯಾರೋ "ಪಿಕಪ್ ಬರಲಿ" ಅಂತ ತಿರುಗಿಸಿಟ್ಟ ಪಂಪಿನ ಸ್ಕ್ರೂ, ಇಲ್ಲವೇ ಆರ್‌ಸಿಗಿಂತ ಹೆಚ್ಚು ಹೇರಿದ ತೂಕ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಗೈಡ್, ಟರ್ಬೊ ಇದ್ದರೆ ಅದರ ಸೀಲ್. ಬಿಳಿ ಹೊಗೆ ಬೆಳಿಗ್ಗೆ ಸ್ವಲ್ಪ ಬಂದು ಬಿಸಿಯಾದ ಮೇಲೆ ನಿಂತರೆ ಗಾಬರಿ ಬೇಡ, ಉರಿಯದ ಡೀಸೆಲ್ ಅದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಾ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು. ನಿನ್ನ ಗಾಡಿಯದು ಯಾವ ಬಣ್ಣ ಅಂತ ಮೆಕ್ಯಾನಿಕ್ ಹೇಳಿದ್ದಾನಾ? ಹೇಳಿಲ್ಲದಿದ್ದರೆ ಅವನು ಇನ್ನೂ ನೋಡಿಲ್ಲ ಅಂತ ಅರ್ಥ.

• ಈಗ ಅಳೆಯುವ ಕೆಲಸ. ಎಂಜಿನ್ ಬಿಸಿ ಇರುವಾಗ ಡೀಸೆಲ್ ಬಂದ್ ಮಾಡಿ, ಎಲ್ಲ ನಾಜಲ್ ಬಿಚ್ಚಿ, ಡೀಸೆಲ್ ಎಂಜಿನ್‌ಗೆಂದೇ ಇರುವ ಕಂಪ್ರೆಷನ್ ಗೇಜ್ ಹಾಕಿಸು. ಪೆಟ್ರೋಲ್ ಗಾಡಿಯ ಗೇಜ್ ಈ ಒತ್ತಡ ತಡೆಯಲ್ಲ. ನಾಲ್ಕೂ ಸಿಲಿಂಡರಿನ ಅಂಕಿ ಬರೆದುಕೋ. ಕಂಪನಿಯ ಪುಸ್ತಕದಲ್ಲಿರುವ ಅಂಕಿಗೆ ಹತ್ತಿರವಿದ್ದು, ನಾಲ್ಕೂ ಒಂದಕ್ಕೊಂದು ಸಮ ಇದ್ದರೆ ಎಂಜಿನ್ ಇಳಿಸುವ ಮಾತೇ ಬೇಡ. ಒಂದೇ ಒಂದು ಕಮ್ಮಿ ಇದ್ದರೆ ಮೊದಲು ಅದರ ಟ್ಯಾಪೆಟ್ ನೋಡು, ಬಿಗಿಯಾಗಿ ಕೂತು ವಾಲ್ವ್ ಮುಚ್ಚದಿರಬಹುದು. ಅಕ್ಕಪಕ್ಕದ ಎರಡು ಒಟ್ಟಿಗೆ ಕಮ್ಮಿ ಇದ್ದರೆ ಆ ಎರಡರ ನಡುವೆ ಗ್ಯಾಸ್ಕೆಟ್ ಹೋಗಿರುವ ಸಂಭವ. ನಾಲ್ಕೂ ಸೋತಿದ್ದರೆ ಮಾತ್ರ ರಿಂಗ್, ಲೈನರ್ ಮಾತು.

• ಗೇಜ್ ಸಿಗುವವರೆಗೆ ನೀನೇ ಮಾಡಬಹುದಾದ ಪರೀಕ್ಷೆ ಇದೆ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಬಾಯಿಯ ಮೇಲೆ ಸುಮ್ಮನೆ ಮಗುಚಿಡು. ಅಲ್ಲೇ ಸಣ್ಣಗೆ ನಡುಗುತ್ತಿದ್ದರೆ ಸರಿ. ದಡದಡ ಹಾರಿ ಬಿದ್ದು, ಬಾಯಿಂದ ಹೊಗೆ ಉಕ್ಕುತ್ತಿದ್ದರೆ ರಿಂಗ್ ದಾಟಿ ಗಾಳಿ ಕೆಳಗಿಳಿಯುತ್ತಿದೆ. ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡು, ಬಿಡದೆ ಗುಳ್ಳೆ ಏಳುತ್ತಿದ್ದರೆ ಗ್ಯಾಸ್ಕೆಟ್ ಸಂಶಯ. ಡಿಪ್ ಸ್ಟಿಕ್ ಎಳೆದು ಆಯಿಲ್ ಮೂಸು. ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪ್ ಅಥವಾ ಪಂಪಿನ ಸೀಲಿನಿಂದ ಡೀಸೆಲ್ ಒಳಗೆ ಇಳಿಯುತ್ತಿದೆ. ಹಾಲು ಬೆರೆತ ಬಣ್ಣ ಬಂದರೆ ನೀರು ಸೇರಿದೆ. ಎರಡರಲ್ಲಿ ಯಾವುದಾದರೂ ಇದ್ದರೆ ಗುಬ್ಬಿಯವರೆಗೂ ಓಡಿಸಬೇಡ, ಬೇರಿಂಗ್ ಹೋಗುತ್ತದೆ.

• ಇದನ್ನು ಎರಡು ಸಲ ಓದು. ಹಳೇ ಪಂಪಿನ ಗಾಡಿಯಲ್ಲಿ ಯಾವ ಸಿಲಿಂಡರ್ ದುಡಿಯುತ್ತಿಲ್ಲ ಅಂತ ತಿಳಿಯಲು ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ ಶಬ್ದ ಕೇಳುವ ರೂಢಿ ಇದೆ. ಬಟ್ಟೆ ಸುತ್ತಿ, ಕನ್ನಡಕ ಹಾಕಿ, ಮುಖ ದೂರ ಇಟ್ಟು ಮಾಡಬೇಕು. ಕಾಮನ್ ರೈಲ್ ಗಾಡಿಯಲ್ಲಿ ಈ ಕೆಲಸ ಎಂದಿಗೂ ಮಾಡಕೂಡದು, ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಯಾವ ಗಾಡಿಯೇ ಆಗಲಿ, ಸೋರುವ ಜಾಗ ಹುಡುಕಲು ಬೆರಳಾಡಿಸಬೇಡ, ರಟ್ಟಿನ ತುಂಡು ಹಿಡಿ. ಆ ಸಣ್ಣ ಚಿಲುಮೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲಿಗೆ ಕಮ್ಮಿ, ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿಕೊಂಡು ಮನೆಯಲ್ಲಿ ಕೂರಬೇಡ. ಕೂಡಲೇ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ "ಒತ್ತಡದಲ್ಲಿ ಡೀಸೆಲ್ ಒಳಗೆ ಹೋಗಿದೆ" ಅಂತ ಸ್ಪಷ್ಟವಾಗಿ ಹೇಳು. ಗಂಟೆಗಳ ಲೆಕ್ಕದಲ್ಲಿ ಬೆರಳು, ಕೈ ಉಳಿಯುವ ವಿಷಯ ಅದು.

• ಗಾಡಿಯ ಕೆಳಗೆ ಹೋಗುವಾಗ ಜಾಕ್ ಒಂದನ್ನೇ ನಂಬಬೇಡ. ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಇಡು. ಸೈಜ್‌ಗಲ್ಲು, ಹಾಲೋ ಬ್ಲಾಕ್ ಇಡಬೇಡ, ಸೀಳಿಕೊಳ್ಳುತ್ತವೆ.

• ನಮ್ಮ ಸೀಮೆಯಲ್ಲಿ ಎಂಜಿನ್‌ಗಳ ಮೊದಲ ಶತ್ರು ನೀರು. ಗುಬ್ಬಿ, ತುಮಕೂರು ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ನಿಮ್ಮ ಮನೆಯ ಪಾತ್ರೆ ನೋಡಿದರೇ ಗೊತ್ತಾಗುತ್ತದೆ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅದೇ ಬಿಳಿ ಹೊಪ್ಪಳೆ ಸಿಲಿಂಡರ್ ಸುತ್ತ, ಹೆಡ್ಡಿನೊಳಗೆ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಕಾವು ಲೋಹದಿಂದ ನೀರಿಗೆ ದಾಟದೆ ಅಲ್ಲೇ ನಿಲ್ಲುತ್ತದೆ. ಬಿ.ಎಚ್. ರಸ್ತೆಯಲ್ಲಿ ಖಾಲಿ ಗಾಡಿ ಚೆನ್ನಾಗಿಯೇ ಓಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಲೋಡ್ ಹೇರಿ ತಿಪಟೂರಿಗೆ ಹೊರಟ ದಿನ ಹೆಡ್ ಬಾಗುತ್ತದೆ. ಕೂಲೆಂಟ್ ಬೆರೆಸಿಯೇ ಸಿಗುವ ಡಬ್ಬ ತಂದು ಹಾಕು, ಇಲ್ಲವೇ ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ. ದಾರಿಯಲ್ಲಿ ಬೇರೇನೂ ಸಿಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಾದರೂ ಸರಿ, ಬೋರ್ ನೀರು ಬೇಡ. ಕಟ್ಟಿದ ರೇಡಿಯೇಟರನ್ನು ಬಿಚ್ಚಿಸಿ ಒಳಗಿನ ಕೊಳವೆ ಒಂದೊಂದನ್ನೂ ಶುಚಿ ಮಾಡಿಸು. ಅದಕ್ಕೆ ಕೊಡುವ ಕೂಲಿ ಹೆಡ್ಡಿನ ಖರ್ಚಿನ ಮುಂದೆ ಏನೂ ಅಲ್ಲ.

• ಥರ್ಮೋಸ್ಟಾಟ್ ಕಿತ್ತು ಬಿಸಾಡಲು ಬಿಡಬೇಡ. "ಅದಿದ್ದರೆ ಹೀಟ್ ಆಗುತ್ತೆ, ತೆಗೆದುಬಿಡಿ" ಅನ್ನುವ ಮಾತು ನಮ್ಮ ಕಡೆ ಗ್ಯಾರೇಜಿನಲ್ಲಿ ಬೇರೂರಿದೆ. ತಪ್ಪು ಮಾತು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಹದವಾದ ಬಿಸಿಗೆ ಬರಲು ತುಂಬ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಡೀಸೆಲ್ ಹೆಚ್ಚು ಕುಡಿಯುತ್ತದೆ, ಲೈನರ್ ಬೇಗ ಸವೆಯುತ್ತದೆ. ಹಳೆಯದು ಸಂಶಯವಿದ್ದರೆ ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡು, ಕುದಿಯುವ ಮೊದಲೇ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕು. ಮತ್ತೆ, ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡ. ಕಾದ ಎಂಜಿನ್‌ಗೆ ತಣ್ಣೀರು ಎರಚಬೇಡ.

• ಎರಡನೆಯ ಶತ್ರು ಧೂಳು. ತೋಟದ ಮಣ್ಣಿನ ದಾರಿ, ಜಲ್ಲಿ ಲಾರಿಗಳ ಹಿಂದೆ ಓಡುವ ರಸ್ತೆ. ಫಿಲ್ಟರ್ ದಾಟಿದ ಧೂಳು ಆಯಿಲ್ ಜೊತೆ ಸೇರಿ ರಿಂಗ್, ಲೈನರನ್ನು ಅರೆಯುತ್ತದೆ. ಕಾಗದದ ಫಿಲ್ಟರನ್ನು ಕಂಪ್ರೆಸರ್‌ನಿಂದ ಊದುವುದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ. ಎರಡು ಮೂರು ಸಲ ಊದಿದ ಮೇಲೆ ಹೊಸದು ತಾ. ಫಿಲ್ಟರಿಗಿಂತ ಮುಖ್ಯ ಅದರಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪ್. ಅದರ ಮಡಿಕೆಯಲ್ಲಿ ಸಣ್ಣ ಸೀಳು ಇದ್ದರೂ ಹೊಸ ಫಿಲ್ಟರ್ ಹಾಕಿದ್ದು ವ್ಯರ್ಥ. ಪೈಪ್ ಬಿಚ್ಚಿ ಒಳಗೆ ಬೆರಳಾಡಿಸು, ಕೆಂಪು ಮಣ್ಣು ಅಂಟಿದರೆ ಎಂಜಿನ್ ಮಣ್ಣು ತಿನ್ನುತ್ತಿದೆ.

• ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಡೀಸೆಲ್‌ಗೆಂದೇ ಇರುವ 15ಡಬ್ಲ್ಯೂ-40, ಕಂಪನಿಯ ಪುಸ್ತಕ ಹೇಳಿದ ದರ್ಜೆ. ಆಯಿಲ್ ಬದಲಾಯಿಸಿದಾಗಲೆಲ್ಲ ಫಿಲ್ಟರ್ ಕೂಡ. ಕಪ್ಪಾಯಿತು ಅಂತ ಹೆದರಬೇಡ, ಡೀಸೆಲ್ ಎಂಜಿನ್ ಆಯಿಲ್ ಬೇಗ ಕಪ್ಪಾಗುವುದೇ ಅದರ ಧರ್ಮ, ಮಸಿಯನ್ನು ಅದು ಹೊತ್ತುಕೊಳ್ಳುತ್ತದೆ. ಇಳಿಸಿದ ಆಯಿಲನ್ನು ಅಡಿಕೆ ಗಿಡದ ಬುಡಕ್ಕೋ ಚರಂಡಿಗೋ ಸುರಿಯಬೇಡ. ಅದು ಬಾವಿ, ಬೋರ್ ಸೇರುವ ವಿಷ. ಕ್ಯಾನಿನಲ್ಲಿ ತುಂಬಿಟ್ಟು, ಪರವಾನಗಿ ಇರುವ ಸಂಗ್ರಾಹಕರಿಗೆ ಕೊಡುವ ಗ್ಯಾರೇಜಿಗೆ ತಲುಪಿಸು.

• ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ವಾರಕ್ಕೊಮ್ಮೆ ನೀರು ಇಳಿಸು, ಮಳೆಗಾಲದಲ್ಲಿ ಇನ್ನೂ ಬೇಗ. ಫಿಲ್ಟರ್ ಬದಲಾಯಿಸಿದ ಮೇಲೆ ಹ್ಯಾಂಡ್ ಪಂಪ್ ಒತ್ತಿ ಗುಳ್ಳೆ ಇಲ್ಲದ ಡೀಸೆಲ್ ಬರುವ ತನಕ ಗಾಳಿ ತೆಗೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ತೊಂದರೆ ಕೊಟ್ಟು, ಒಮ್ಮೆ ಸ್ಟಾರ್ಟ್ ಆದ ಮೇಲೆ ದಿನವೆಲ್ಲ ಚೆನ್ನಾಗಿದ್ದರೆ ಎಲ್ಲೋ ಪೈಪ್ ಜೋಡಣೆಯಲ್ಲಿ ಗಾಳಿ ಎಳೆಯುತ್ತಿರಬಹುದು. ನಿಮ್ಮಮ್ಮ ಹೇಳಿದ್ದು ಕೇಳಿದರೆ ನನಗೆ ಮೊದಲು ಬರುವ ಅನುಮಾನ ಇದೇ. ಬಿಎಸ್-6 ಡೀಸೆಲ್ 2020ರ ಏಪ್ರಿಲ್ 1ರಿಂದ ಎಲ್ಲ ಬಂಕ್‌ಗಳಲ್ಲೂ ಬಂದಿದೆ, ಗಂಧಕ ಹತ್ತು ಲಕ್ಷದಲ್ಲಿ 10 ಭಾಗ ಮಾತ್ರ. ಹಳೇ ಗಾಡಿಗೆ ಅದರಿಂದ ಭಯವಿಲ್ಲ, ಆದರೆ ಗಟ್ಟಿಯಾದ ಹಳೇ ರಬ್ಬರ್ ಸೀಲ್, ಪೈಪ್‌ಗಳು ಒಸರುತ್ತಿವೆಯಾ ನೋಡಿ ಬದಲಾಯಿಸು.

• ಸೀಮೆಎಣ್ಣೆ ಬೆರೆಸುವವರ ಮಾತು ಕೇಳಬೇಡ. ರೋಟರಿ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಿಡ್ಡು, ಸೀಮೆಎಣ್ಣೆಯಲ್ಲಿ ಆ ಜಿಡ್ಡಿಲ್ಲ. ಹಾಗೇ ಹೊಂಗೆ ಎಣ್ಣೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ತೋರಿಸಿದರು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೇ ಇದೆ. ನಮ್ಮ ಬದುಗಳ ತುಂಬ ಹೊಂಗೆ ಇರುವುದರಿಂದ ನನಗೆ ಈ ಕೆಲಸದ ಮೇಲೆ ದೊಡ್ಡ ಗೌರವ. ಆದರೂ ಗಾಣದಿಂದ ತಂದ ಹಸಿ ಎಣ್ಣೆಯನ್ನು ಟ್ಯಾಂಕಿಗೆ ಸುರಿಯಬೇಡ. ಅದು ಡೀಸೆಲ್‌ಗಿಂತ ತುಂಬ ಮಂದ, ನಾಜಲ್ ತುದಿಯಲ್ಲಿ ಕರಿ ಕಟ್ಟುತ್ತದೆ. ಸಂಸ್ಕರಿಸಿ ಬಯೋಡೀಸೆಲ್ ಮಾಡಿದ್ದರ ಮಾತು ಬೇರೆ.

• ಪಂಪ್ ಮತ್ತು ನಾಜಲ್ ಕೆಲಸ ಮರದಡಿಯ ಕೆಲಸವಲ್ಲ. ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಗೇ ಒಯ್ಯಿ. ನಮ್ಮ ಮೆಕ್ಯಾನಿಕ್‌ಗಳು ಈಗಲೂ ಮೈಕೋ ಪಂಪ್ ಅನ್ನುತ್ತಾರೆ. ಬೆಂಗಳೂರಿನ ಆಡುಗೋಡಿಯ ಮೈಕೋ 1951ರಲ್ಲಿ ಶುರುವಾದ ಕಂಪನಿ, 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿತು. ನಾಜಲ್ ಎಷ್ಟು ಒತ್ತಡಕ್ಕೆ ತೆರೆಯುತ್ತದೆ, ಮುಚ್ಚಿದ ಮೇಲೆ ತೊಟ್ಟಿಕ್ಕುತ್ತದೆಯಾ ಅಂತ ನಿನ್ನ ಕಣ್ಣೆದುರೇ ತೋರಿಸಲು ಕೇಳು, ನಾಲ್ಕೂ ಅಂಕಿ ಬರೆಸಿಕೋ. ಮತ್ತೆ ಕೂರಿಸುವಾಗ ತಳದ ತಾಮ್ರದ ವಾಷರ್ ಹೊಸದೇ ಹಾಕು, ಹಳೆಯದು ಕೆಳಗೇ ಅಂಟಿಕೊಂಡಿದ್ದರೆ ತೆಗೆ.

• ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಡುವ ಅಭ್ಯಾಸ ನಿನಗಿದ್ದರೆ ಇವತ್ತೇ ಬಿಡು. ಡೀಸೆಲ್ ಎಂಜಿನ್ ತಾನಾಗಿ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಕೊಡುವುದಿಲ್ಲ, ಅದಕ್ಕೆ ಬೇರೆ ಪಂಪ್ ಇದೆ. ಎಂಜಿನ್ ನಿಂತರೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ದೇವರಾಯನದುರ್ಗದ ಇಳಿಜಾರಿನಲ್ಲಿ ಲೋಡ್ ಗಾಡಿಗೆ ಹಾಗಾಗುವುದನ್ನು ನೆನೆದರೇ ಎದೆ ಝಲ್ಲೆನ್ನುತ್ತದೆ. ಹತ್ತುವಾಗ ಬಳಸಿದ ಗೇರಿನಲ್ಲೇ ಇಳಿಸು. ಬ್ರೇಕ್ ಗಟ್ಟಿಯಾಗುತ್ತಿದ್ದರೆ ವ್ಯಾಕ್ಯೂಮ್ ಪಂಪ್, ಅದರ ಪೈಪ್ ಎರಡೂ ನೋಡಿಸು.

• ಸವೆದ ಎಂಜಿನ್ ಅಪರೂಪಕ್ಕೆ ತನ್ನ ಆಯಿಲನ್ನೇ ಎಳೆದು ಉರಿಸುತ್ತಾ ತಾನೇ ರೇಸ್ ಏರಿಸಿಕೊಳ್ಳುತ್ತದೆ. ಕೀ ಆಫ್ ಮಾಡಿದರೂ, ಸ್ಟಾಪ್ ಕೇಬಲ್ ಎಳೆದರೂ ನಿಲ್ಲುವುದಿಲ್ಲ. ಬ್ರೇಕ್ ತುಳಿದು ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸು. ಅದೂ ಆಗದಿದ್ದರೆ ಗಾಳಿ ಎಳೆಯುವ ಬಾಯಿಯನ್ನು ಹಲಗೆಯಿಂದ ಮುಚ್ಚು, ಕೈ ಇಡಬೇಡ.

• 2022ರ ಮಳೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಬಿದ್ದು ರಸ್ತೆಗಳ ಮೇಲೆ ನೀರು ಹರಿದದ್ದು ನಿನಗೆ ನೆನಪಿರಬೇಕು. ಅಂಥ ನೀರಿಗೆ ಗಾಡಿ ಇಳಿಸಬೇಡ. ಇಳಿದು ಎಂಜಿನ್ ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಲೇಬೇಡ. ನೀರನ್ನು ಹಿಂಡಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಳೆದು ತಂದು, ನಾಜಲ್ ಬಿಚ್ಚಿ, ಕೈಯಿಂದ ತಿರುಗಿಸಿ ನೀರು ಹೊರಹಾಕಿ, ಆಯಿಲ್ ಬದಲಾಯಿಸಿದ ಮೇಲೇ ಮುಂದಿನ ಮಾತು.

• ನಿಮ್ಮೂರ ಪಕ್ಕದಲ್ಲೇ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿಯಲ್ಲಿ ಅಡಿಗಲ್ಲು ಬಿದ್ದು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾದದ್ದು, 615 ಎಕರೆ. ಹಾರುವ ಯಂತ್ರಗಳ ಜಗತ್ತಿನಲ್ಲಿ ಎಂಜಿನ್ ಓಡಿದ ಪ್ರತಿ ಗಂಟೆ, ಬದಲಾಯಿಸಿದ ಪ್ರತಿ ಭಾಗ ದಾಖಲಾಗಬೇಕು. ಆ ಒಂದು ಶಿಸ್ತನ್ನು ನಿನ್ನ ಪಿಕಪ್‌ಗೂ ತಂದುಕೋ. ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಪುಸ್ತಕ ಇಡು. ಕಿಲೋಮೀಟರ್, ಹಾಕಿದ ಡೀಸೆಲ್, ಟಾಪ್ ಅಪ್ ಮಾಡಿದ ಆಯಿಲ್, ಕೂಲೆಂಟ್, ಕಂಪ್ರೆಷನ್ ಅಂಕಿ, ಟ್ಯಾಪೆಟ್ ಹಿಡಿಸಿದ ದಿನ. ಸಾವಿರ ಕಿಲೋಮೀಟರಿಗೆ ಎಷ್ಟು ಆಯಿಲ್ ಕುಡಿಯಿತು ಅಂತ ಬರೆದು ತೋರಿಸಬಲ್ಲವನಿಗೆ ಯಾವ ಮೆಕ್ಯಾನಿಕ್ಕೂ ಬಾಯಿಮಾತಿನಲ್ಲಿ ಕಿಟ್ ಮಾರಲಾರ.

• ಕಾಗದ ಪತ್ರ. ಸರಕು ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. 15 ವರ್ಷ ದಾಟಿದ ಗಾಡಿಗೆ 2022ರ ಏಪ್ರಿಲ್‌ನಿಂದ ಶುಲ್ಕ ತುಂಬ ಏರಿದೆ, ಎಂಜಿನ್‌ಗೆ ದುಡ್ಡು ಹಾಕುವ ಮೊದಲು ಅದನ್ನೂ ಲೆಕ್ಕ ಹಿಡಿ. ಹೊಗೆ ಪರೀಕ್ಷೆಯಲ್ಲಿ ಬಿಎಸ್-4ಕ್ಕಿಂತ ಹಳೇ ಡೀಸೆಲ್ ಗಾಡಿಗೆ ಮಿತಿ 2.45, ಬಿಎಸ್-4ಕ್ಕೆ 1.62. ಚೀಟಿಯಲ್ಲಿ ಬಂದ ಅಂಕಿಯನ್ನು ಅದೇ ನೋಟ್‌ಪುಸ್ತಕಕ್ಕೆ ಬರೆ, ಸಲದಿಂದ ಸಲಕ್ಕೆ ಏರುತ್ತಿದ್ದರೆ ನಾಜಲ್ ನಿನ್ನನ್ನು ಕರೆಯುತ್ತಿದೆ.

• ಇಷ್ಟೆಲ್ಲ ನೋಡಿದ ಮೇಲೂ ಇಳಿಸಲೇಬೇಕು ಅಂತಾದರೆ ಅರ್ಧ ಕೆಲಸ ಮಾಡಿಸಬೇಡ. ಲೇತ್ ಅಂಗಡಿಯವರು ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಯಬೇಕು. ಕ್ರ್ಯಾಂಕ್ ಜರ್ನಲ್‌ಗಳನ್ನು ಮೈಕ್ರೊಮೀಟರಿನಲ್ಲಿ ಅಳೆದು, ಗ್ರೈಂಡಿಂಗ್ ಬೇಕಾದರೆ ಮಾಡಿಸಿ, ಎಷ್ಟು ಕಡಿದರೋ ಅದೇ ಸೈಜಿನ ಬೇರಿಂಗ್ ತರಬೇಕು. ಹೊಸ ರಿಂಗ್‌ಗಳನ್ನು ಸವೆದು ಮೊಟ್ಟೆಯಾಕಾರವಾದ ಲೈನರಿಗೆ ಹಾಕಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ನೀಲಿ ಹೊಗೆ. ಹೆಡ್ ಬಾಗಿದೆಯಾ ಅಂತ ನೇರ ಪಟ್ಟಿ, ಫೀಲರ್ ಗೇಜ್ ಇಟ್ಟು ನೋಡಿಸು, ಬಿರುಕಿಗೆ ಒತ್ತಡ ಪರೀಕ್ಷೆ ಮಾಡಿಸು. ಫೇಸಿಂಗ್ ಮಾಡಿಸಲು ಮಿತಿಯಿದೆ, ಪಿಸ್ಟನ್ ಮತ್ತು ಹೆಡ್ ನಡುವೆ ಜಾಗ ತೀರಾ ಕಡಿಮೆ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಪುಸ್ತಕದ ಕ್ರಮದಲ್ಲಿ, ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. "ಕೈಯಂದಾಜು ನನಗಿದೆ" ಅನ್ನುವವನು ಎಷ್ಟೇ ಹಿರಿಯನಾದರೂ ಒಪ್ಪಬೇಡ, ನನ್ನನ್ನೂ ಸೇರಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಭಾಗ ಕೊಳ್ಳುವುದಾದರೆ ಬಿಲ್ ಇಲ್ಲದೆ ಕೊಳ್ಳಬೇಡ. ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಈ ನಾಲ್ಕರಲ್ಲಿ ಅಗ್ಗದ ನಕಲಿ ಬೇಡವೇ ಬೇಡ.

• ಕಟ್ಟಿದ ಎಂಜಿನ್‌ಗೆ ಮೊದಲ ಸಾವಿರ ಕಿಲೋಮೀಟರ್ ಅರ್ಧ ಲೋಡ್, ಹದವಾದ ವೇಗ. ಗಂಟೆಗಟ್ಟಲೆ ಸುಮ್ಮನೆ ಐಡಲ್ ಓಡಿಸಬೇಡ, ರಿಂಗ್ ಕೂರುವುದಿಲ್ಲ. ಒಂದೇ ವೇಗದಲ್ಲೂ ಓಡಿಸಬೇಡ, ಏರಿಸು, ಇಳಿಸು. ನಿಟ್ಟೂರು, ಗುಬ್ಬಿ, ತುಮಕೂರು, ಇಷ್ಟೇ ಸಾಕು, ತಿಪಟೂರಿನ ಪೂರ್ಣ ಲೋಡ್ ಸ್ವಲ್ಪ ದಿನ ಬೇರೆ ಗಾಡಿಗೆ ಕೊಡು. ಸಾವಿರ ಆದ ಕೂಡಲೇ ಆಯಿಲ್, ಫಿಲ್ಟರ್ ಬದಲಾಯಿಸಿ, ತಣ್ಣಗಿರುವಾಗ ಟ್ಯಾಪೆಟ್ ಮತ್ತೆ ಹಿಡಿಸು. ಗ್ಯಾಸ್ಕೆಟ್ ತಯಾರಕರು ಹೇಳಿದ್ದರೆ ಹೆಡ್ ಬೋಲ್ಟ್ ಕೂಡ ಇನ್ನೊಮ್ಮೆ ಬಿಗಿಸು. ಅವತ್ತೇ ಕಂಪ್ರೆಷನ್ ಅಳೆದು ನಾಲ್ಕು ಅಂಕಿ ಪುಸ್ತಕದಲ್ಲಿ ಬರೆ, ಫೋನ್ ಮಾಡಿ ನನಗೂ ಹೇಳು.